ಒಂದೂವರೆ ಗಂಟೆಯ ಗವರ್ನರ್, ಎರಡೂವರೆ ದಿನದ ಮುಖ್ಯಮಂತ್ರಿ

2025ರ ನವೆಂಬರ್ 4ರ ಸಂಜೆ ನಾನು ಓಟು ಹಾಕಿ ಮನೆಗೆ ಬಂದು ಕೂತಿದ್ದೆ. ತಿಪಟೂರಿನಿಂದ ಚಿಕ್ಕಪ್ಪನ ಫೋನ್ ಬಂತು, ಅಲ್ಲಿ ಅದು ಬೆಳಗಿನ ಕಾಫಿ ಹೊತ್ತು. ಯಾವ ಎಲೆಕ್ಷನ್ನೋ ಅಂದರು. ಗವರ್ನರ್ ಎಲೆಕ್ಷನ್ ಅಂದೆ. ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಗವರ್ನರ್‌ಗೂ ಓಟು ಹಾಕ್ತೀರೇನೋ ನೀವು? ಜನವರಿ ಇಪ್ಪತ್ತಾರಕ್ಕೆ ಬಾವುಟ ಹಾರಿಸೋಕೆ ಅಷ್ಟೊಂದು ಖರ್ಚಾ?"

ಚಿಕ್ಕಪ್ಪನ ತಪ್ಪಲ್ಲ. ನಾನು ನ್ಯೂಜೆರ್ಸಿಯ ಎಡಿಸನ್‌ಗೆ ಬಂದ ಹೊಸದರಲ್ಲಿ ನನಗೂ ಹಾಗೇ ಅನಿಸಿತ್ತು. ನಮ್ಮ ತಲೆಯಲ್ಲಿ ಗವರ್ನರ್ ಅಂದರೆ ಒಂದೇ ಚಿತ್ರ. ವಯಸ್ಸಾದ ಒಬ್ಬರು, ಬೇರೆ ರಾಜ್ಯದವರು, ಮಾಣೆಕ್ ಷಾ ಪರೇಡ್ ಮೈದಾನದಲ್ಲಿ ತೆರೆದ ಜೀಪು, ಯೂನಿವರ್ಸಿಟಿ ಘಟಿಕೋತ್ಸವದ ಗೌನು. ಇಲ್ಲಿ ಅದೇ ಪದದ ಅರ್ಥ ಮುಖ್ಯಮಂತ್ರಿ. ಮುಖ್ಯಮಂತ್ರಿಗಿಂತ ಒಂದು ಕೈ ಮೇಲೇ ಅನ್ನಿ. ಈ ಸಲದ ಚುನಾವಣೆಯಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಕರೆಂಟ್ ಬಿಲ್. ಡೆಮಾಕ್ರಟಿಕ್ ಪಕ್ಷದ ಮಿಕಿ ಶೆರಿಲ್ ಅದನ್ನೇ ಹಿಡಿದುಕೊಂಡು ರಾಜ್ಯವೆಲ್ಲ ತಿರುಗಿ ರಿಪಬ್ಲಿಕನ್ ಪಕ್ಷದ ಜ್ಯಾಕ್ ಚಿಟರೆಲ್ಲಿಯನ್ನು ಸೋಲಿಸಿದರು. ಇದನ್ನು ಹೇಳಿದ್ದಕ್ಕೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಪಡೆಯುವ ಚಿಕ್ಕಪ್ಪ "ಅಮೆರಿಕದಲ್ಲೂ ಇದೇ ಗೋಳಾ" ಅಂತ ಸಂತೋಷಪಟ್ಟರು. ಸುಮ್ನೆ ಸಂತೋಷ, ಕೆಟ್ಟ ಮನಸ್ಸಿನದ್ದಲ್ಲ.

ಆದರೆ ನಾನು ಹೇಳಲು ಹೊರಟಿದ್ದು ಕರೆಂಟ್ ಬಿಲ್ ವಿಷಯ ಅಲ್ಲ. ಎರಡೂ ಕಡೆಯ ಗವರ್ನರ್‌ಗಳನ್ನು ನೋಡಿದ ಮೇಲೆ ನನಗೆ ದೊಡ್ಡದಾಗಿ ಕಂಡ ವ್ಯತ್ಯಾಸ ಓಟು ಕೂಡ ಅಲ್ಲ. ಗಡಿಯಾರ.

ಮೊದಲು ಸ್ವಲ್ಪ ಹಳೇ ಕಥೆ. 1776ರವರೆಗೆ ನ್ಯೂಜೆರ್ಸಿಯ ಗವರ್ನರ್‌ನನ್ನು ಕಳಿಸುತ್ತಿದ್ದದ್ದು ಇಂಗ್ಲೆಂಡಿನ ದೊರೆ, ಅಂದರೆ ನಮ್ಮ ಈಗಿನ ಪದ್ಧತಿಯ ಹಾಗೇ, ಮೇಲಿನಿಂದ ಇಳಿಸಿದ ಮನುಷ್ಯ. ಕೊನೆಯವನು ವಿಲಿಯಂ ಫ್ರಾಂಕ್ಲಿನ್. ಬೆಂಜಮಿನ್ ಫ್ರಾಂಕ್ಲಿನ್‌ನ ಮಗ. ಅಪ್ಪ ಸ್ವಾತಂತ್ರ್ಯ ಹೋರಾಟದಲ್ಲಿ, ಮಗ ದೊರೆಯ ಕಡೆ. ಮಗನನ್ನು ಬಂಧಿಸಿ ಕೂರಿಸಿದರು, ಅಪ್ಪ ಮಗನ ನಡುವೆ ಆಮೇಲೆ ಸರಿಹೋಗಲೇ ಇಲ್ಲ. ಇಂಥ ಅನುಭವ ಆದವರು ಗವರ್ನರ್ ಅನ್ನುವ ಹುದ್ದೆಯನ್ನೇ ಅನುಮಾನದಿಂದ ನೋಡಿದ್ದರಲ್ಲಿ ಆಶ್ಚರ್ಯ ಇಲ್ಲ. ಅದೇ ವರ್ಷದ ಹೊಸ ಸಂವಿಧಾನದಲ್ಲಿ ಗವರ್ನರ್‌ನನ್ನು ಶಾಸನಸಭೆಯೇ ಆರಿಸಬೇಕು, ಅದೂ ವರ್ಷ ವರ್ಷ ಆರಿಸಬೇಕು ಅಂತ ಬರೆದರು. ವಿಲಿಯಂ ಲಿವಿಂಗ್‌ಸ್ಟನ್ 1790ರಲ್ಲಿ ಸಾಯುವ ತನಕ ಹೀಗೆ ವರ್ಷಕ್ಕೊಮ್ಮೆ ಆರಿಸಿ ಬರುತ್ತಲೇ ಇದ್ದರು. ನಮ್ಮ ಸಹಕಾರ ಸಂಘದ ಅಧ್ಯಕ್ಷರನ್ನೂ ಅಷ್ಟು ಸಲ ಪರೀಕ್ಷೆ ಮಾಡುವುದಿಲ್ಲ.

ಜನ ನೇರವಾಗಿ ಓಟು ಹಾಕುವ ಪದ್ಧತಿ ಬಂದದ್ದು 1844ರ ಸಂವಿಧಾನದಲ್ಲಿ. ಮೂರು ವರ್ಷದ ಅವಧಿ, ಮುಗಿದ ಕೂಡಲೇ ಮತ್ತೆ ನಿಲ್ಲುವ ಹಾಗಿಲ್ಲ, ಒಂದು ಅವಧಿ ಬಿಟ್ಟು ಬೇಕಾದರೆ ಬರಬಹುದು. ಯಾರೂ ಕುರ್ಚಿಗೆ ಅಂಟಿಕೊಳ್ಳಬಾರದು ಅನ್ನುವ ಒಳ್ಳೇ ಉದ್ದೇಶ. ಆಗಿದ್ದು ಬೇರೆ. ಗವರ್ನರ್‌ಗಳು ಬಂದು ಹೋದರು, ಹಿಂದೆ ನಿಂತು ಆಡಿಸುವವರು ಗಟ್ಟಿಯಾಗಿ ಉಳಿದರು. ಜೆರ್ಸಿ ಸಿಟಿಯ ಫ್ರ್ಯಾಂಕ್ ಹೇಗ್ 1917ರಿಂದ 1947ರವರೆಗೆ 30 ವರ್ಷ ಮೇಯರ್ ಆಗಿದ್ದರು. ಅವರ ಕಡೆಯ ಎ. ಹ್ಯಾರಿ ಮೂರ್ ಬಿಟ್ಟು ಬಿಟ್ಟು ಮೂರು ಸಲ ಗವರ್ನರ್ ಆದರು. ಕುರ್ಚಿಯಲ್ಲಿ ಯಾರಾದರೂ ಇರಲಿ, ಕೀಲಿಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವರು ಬೇರೆ. ಇಂಥದ್ದು ನಮಗೇನು ಹೊಸದಲ್ಲ, ಅಲ್ವಾ?

ಇದನ್ನು ಮುರಿಯಬೇಕು ಅಂತ ಹಟ ಹಿಡಿದವರಲ್ಲಿ ಒಬ್ಬರು ಚಾರ್ಲ್ಸ್ ಎಡಿಸನ್, 1941ರಿಂದ 1944ರವರೆಗೆ ಗವರ್ನರ್. ಬಲ್ಬಿನ ಥಾಮಸ್ ಎಡಿಸನ್‌ನ ಮಗ. ನಮ್ಮ ಊರಿಗೆ ಹೆಸರು ಬಂದದ್ದು ಅಪ್ಪನಿಂದ, ಓಕ್ ಟ್ರೀ ರೋಡಿನಲ್ಲಿ ಕೊತ್ತಂಬರಿ ಕಟ್ಟು ಆರಿಸುವ ನಮಗೆ ಮಗನ ನೆನಪಿಲ್ಲ. ಆದರೆ ನಮ್ಮ ಓಟಿಗೆ ಈಗಿರುವ ತೂಕದಲ್ಲಿ ಮಗನ ಪಾಲೂ ಇದೆ. ಅವರ ಕಾಲದಲ್ಲಿ ಆಗಲಿಲ್ಲ, 1947ರಲ್ಲಿ ಆಯಿತು. ಆ ಬೇಸಿಗೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪ್ರತಿನಿಧಿಗಳು ಕೂತು ಹೊಸ ಸಂವಿಧಾನ ಬರೆದರು, ನವೆಂಬರ್‌ನಲ್ಲಿ ಜನ ಓಟು ಹಾಕಿ ಒಪ್ಪಿದರು. ನಾಲ್ಕು ವರ್ಷದ ಅವಧಿ, ಸತತವಾಗಿ ಎರಡು ಸಲ ನಿಲ್ಲಬಹುದು. ರಾಜ್ಯದ ಮುಖ್ಯ ಕಾನೂನು ಅಧಿಕಾರಿ ಅಟಾರ್ನಿ ಜನರಲ್ ಆಗಲಿ ಜಡ್ಜ್‌ಗಳಾಗಲಿ, ಹೆಸರಿಸುವುದು ಗವರ್ನರ್, ಒಪ್ಪಿಗೆ ಕೊಡುವುದು ಸೆನೆಟ್, ಅಂದರೆ ಶಾಸನಸಭೆಯ ಮೇಲ್ಮನೆ. ಬಜೆಟ್‌ನಲ್ಲಿ ಬೇಡದ ಸಾಲನ್ನು ಪೆನ್ನಿನಿಂದ ಹೊಡೆದುಹಾಕುವ ಅಧಿಕಾರ ಕೂಡ ಇದೆ. ಇಷ್ಟು ಬಲ ಇರುವ ಗವರ್ನರ್‌ಗಳು ಅಮೆರಿಕದಲ್ಲಿ ಕಡಿಮೆ.

ಬಲ ಕೊಟ್ಟರು, ಜೊತೆಗೆ ಗಡಿಯಾರ ಕಟ್ಟಿದರು. ಗವರ್ನರ್ ಅವಧಿ ಮುಗಿಯುವುದು ಜನವರಿಯ ಮೂರನೇ ಮಂಗಳವಾರ, ಮಧ್ಯಾಹ್ನ 12 ಗಂಟೆಗೆ. ಜೂನ್ 30ಕ್ಕೆ ಬಜೆಟ್ ಆಗಬೇಕು. ಸದನ ಪಾಸು ಮಾಡಿದ ಮಸೂದೆಗೆ 45 ದಿನದಲ್ಲಿ ಸಹಿ ಹಾಕಬೇಕು ಅಥವಾ ವಾಪಸ್ ಕಳಿಸಬೇಕು. ಸದನ ಕೂತಿಲ್ಲದಿದ್ದರೆ ಸ್ವಲ್ಪ ಮುಂದೆ ಹೋಗುತ್ತದೆ, ಸದನದ ಅವಧಿಯ ಕೊನೇ ದಿನಗಳಿಗೆ ಬೇರೆ ಲೆಕ್ಕ, ಅದೆಲ್ಲ ಇರಲಿ. ಮುಖ್ಯ ಮಾತು ಏನೆಂದರೆ ಗವರ್ನರ್ ಏನೂ ಮಾಡದೆ ಸುಮ್ಮನೆ ಕೂತರೆ ಮಸೂದೆ ತಾನಾಗಿಯೇ ಕಾನೂನಾಗುತ್ತದೆ. ಡ್ರಾಯರ್‌ನಲ್ಲಿ ಇಟ್ಟು ಮರೆತೆ ಅನ್ನುವ ಹಾಗಿಲ್ಲ.

ಗಡಿಯಾರಕ್ಕೆ ಇಷ್ಟು ನಿಷ್ಠೆಯಿಂದ ನಡೆದರೆ ತಮಾಷೆಯೂ ಆಗುತ್ತದೆ. ನ್ಯೂಜೆರ್ಸಿಯ ಮೊದಲ ಮಹಿಳಾ ಗವರ್ನರ್ ಕ್ರಿಸ್ಟೀನ್ ಟಾಡ್ ವಿಟ್ಮನ್ 2001ರಲ್ಲಿ ಕೇಂದ್ರ ಸರ್ಕಾರದ ಕೆಲಸಕ್ಕೆ ಹೋದರು. ಆಗ ಇಲ್ಲಿ ಉಪ ಗವರ್ನರ್ ಅನ್ನುವ ಹುದ್ದೆಯೇ ಇರಲಿಲ್ಲ, ಸೆನೆಟ್ ಅಧ್ಯಕ್ಷ ಡೊನಾಲ್ಡ್ ಡಿಫ್ರಾನ್ಸೆಸ್ಕೊ ಹಂಗಾಮಿ ಗವರ್ನರ್ ಆದರು, ಇದ್ದ ಕುರ್ಚಿಯನ್ನೂ ಬಿಡಲಿಲ್ಲ. 2002ರ ಜನವರಿ 8ಕ್ಕೆ ಹಳೇ ಸೆನೆಟ್‌ನ ಅವಧಿ ಮುಗಿಯಿತು, ಅದರ ಜೊತೆ ಅವರ ಅಧ್ಯಕ್ಷಗಿರಿ ಹೋಯಿತು, ಅದರ ಜೊತೆ ಗವರ್ನರ್‌ಗಿರಿಯೂ ಹೋಯಿತು. ಹೊಸ ಸೆನೆಟ್ ಇನ್ನೂ ಕೂತಿಲ್ಲ. ಗೆದ್ದ ಗವರ್ನರ್ ಜಿಮ್ ಮೆಕ್‌ಗ್ರೀವಿ ಬರುವುದು 15ಕ್ಕೆ. ನಡುವೆ ಯಾರು? ಸರದಿಯಲ್ಲಿ ಮುಂದಿದ್ದ ಅಟಾರ್ನಿ ಜನರಲ್ ಜಾನ್ ಫಾರ್ಮರ್ ಸುಮಾರು ಒಂದೂವರೆ ಗಂಟೆ ಗವರ್ನರ್ ಆದರು. ಒಂದು ಸಿನಿಮಾದ ಹೊತ್ತೂ ಇಲ್ಲ. ಆಮೇಲೆ ಹೊಸ ಸೆನೆಟ್ ಕೂತಿತು, ಅಲ್ಲಿ ನೋಡಿದರೆ ಎರಡೂ ಪಕ್ಷ 20ಕ್ಕೆ 20 ಸಮ. ಹಾಗಾಗಿ ಇಬ್ಬರು ಅಧ್ಯಕ್ಷರು. ಉಳಿದ ವಾರವನ್ನು ಜಾನ್ ಬೆನೆಟ್ ಮತ್ತು ರಿಚರ್ಡ್ ಕೋಡಿ ತಲಾ ಮೂರೂವರೆ ದಿನ ಹಂಚಿಕೊಂಡರು, ಅಣ್ಣ ತಮ್ಮ ತೆಂಗಿನ ತೋಟ ಪಾಲು ಮಾಡಿಕೊಂಡ ಹಾಗೆ. ಎಂಟು ದಿನದಲ್ಲಿ ಐದು ಜನ ಆ ಕುರ್ಚಿಯನ್ನು ಮುಟ್ಟಿದರು.

ಗಡಿಯಾರ ಇದ್ದ ಮಾತ್ರಕ್ಕೆ ಎಲ್ಲ ಸಾಚಾ ಅಂತಲ್ಲ. ಅದೇ ಮೆಕ್‌ಗ್ರೀವಿ ತಮ್ಮ ಖಾಸಗಿ ಸಂಬಂಧದ ವಿಷಯ ಬಯಲಾಗಿ 2004ರ ಆಗಸ್ಟ್‌ನಲ್ಲಿ ರಾಜೀನಾಮೆ ಘೋಷಿಸಿದರು, ಆದರೆ ಬಿಟ್ಟು ಹೋಗುವುದು ನವೆಂಬರ್ 15ಕ್ಕೆ ಅಂದರು. ಯಾಕೆ ಅಷ್ಟು ತಡ? ತಕ್ಷಣ ಹೋಗಿದ್ದರೆ ಆ ನವೆಂಬರ್‌ನಲ್ಲೇ ಚುನಾವಣೆ ಮಾಡಬೇಕಿತ್ತು. ತಡ ಮಾಡಿದ್ದಕ್ಕೆ ಮೊದಲಿನ ಅದೇ ಕೋಡಿ 14 ತಿಂಗಳು ಗವರ್ನರ್ ಆದರು, ಜನರ ಒಂದು ಓಟಿಲ್ಲದೆ. ರಂಗೋಲಿ ಕೆಳಗೆ ತೂರುವವರು ಇಲ್ಲೂ ಇದ್ದಾರೆ.

ನನಗೆ ಇಷ್ಟವಾಗುವುದು ಆಮೇಲಿನದ್ದು. ಒಂದು ಮುಜುಗರ ಆಯಿತು, ಎರಡನೆಯದೂ ಆಯಿತು, 2005ರ ನವೆಂಬರ್‌ನಲ್ಲಿ ಜನರನ್ನೇ ಕೇಳಿದರು, ಉಪ ಗವರ್ನರ್ ಬೇಕಾ ಬೇಡ್ವಾ? ಬೇಕು ಅಂದರು. 2009ರ ಚುನಾವಣೆಯಿಂದ ಇಬ್ಬರೂ ಜೋಡಿಯಾಗಿ ನಿಲ್ಲುತ್ತಾರೆ. ತೂತು ಕಂಡಿತು, ಮುಚ್ಚಿದರು.

ಈಗ ನಮ್ಮ ಕಡೆಗೆ ಬರೋಣ. ಚಿಕ್ಕಪ್ಪನಿಗೆ ನಾನು ಒಂದು ವಿಷಯ ಹೇಳಿದ್ದಕ್ಕೆ ಅವರು ನಂಬಲಿಲ್ಲ, ನೀವೂ ನಂಬಲಿಕ್ಕಿಲ್ಲ. ನಮ್ಮ ರಾಜ್ಯಪಾಲರಿಗೂ ಚುನಾವಣೆ ನಡೆಯಬೇಕಿತ್ತು. 1947ರಲ್ಲಿ, ಇಲ್ಲಿ ರಟ್ಗರ್ಸ್‌ನಲ್ಲಿ ಸಭೆ ನಡೆಯುತ್ತಿದ್ದ ಅದೇ ಬೇಸಿಗೆಯಲ್ಲಿ, ದೆಹಲಿಯಲ್ಲಿ ಸರ್ದಾರ್ ಪಟೇಲರ ಸಮಿತಿ ಪ್ರಾಂತಗಳ ಗವರ್ನರ್‌ನನ್ನು ಜನರೇ ಆರಿಸಲಿ ಅಂತ ವರದಿ ಕೊಟ್ಟಿತು. ಸಂವಿಧಾನ ಸಭೆ ಅದನ್ನು ಒಪ್ಪಿಯೂ ಇತ್ತು. 1949ರ ಮೇ ಕೊನೆಯ ಹೊತ್ತಿಗೆ ಮನಸ್ಸು ಬದಲಾಯಿತು. ದೇಶ ಒಡೆದು ರಕ್ತ ಹರಿದು ಎರಡು ವರ್ಷ ಆಗಿರಲಿಲ್ಲ, ಕೇಂದ್ರದ ಹಿಡಿತ ಬೇಕು ಅನಿಸಿತ್ತು. ಜೊತೆಗೆ ಇನ್ನೊಂದು ಪ್ರಶ್ನೆ: ಇಡೀ ರಾಜ್ಯದ ಓಟು ಪಡೆದ ಗವರ್ನರ್ ಒಂದು ಕಡೆ, ಶಾಸಕರ ಬೆಂಬಲ ಇರುವ ಮುಖ್ಯಮಂತ್ರಿ ಇನ್ನೊಂದು ಕಡೆ ನಿಂತರೆ ಯಾರ ಮಾತು ನಡೆಯಬೇಕು? ನೆಹರೂ ನೇಮಕದ ಪರ ಮಾತಾಡಿದರು, ಹಾಗೇ ಆಯಿತು.

ಈ ವಿಷಯದಲ್ಲಿ ನಾನು ಅವರ ಪರ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಹೊರದೇಶದಲ್ಲಿ ಕೂತ ನಮ್ಮವರು ಕೆಲವರು "ನಮ್ಮಲ್ಲೂ ಗವರ್ನರ್ ಎಲೆಕ್ಷನ್ ಮಾಡಬೇಕು ರೀ" ಅಂತ ಕನ್ನಡ ಕೂಟದ ಊಟದ ಸಾಲಿನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ಭಾಷಣ ಮಾಡುತ್ತಾರೆ. ಮುಖ್ಯಮಂತ್ರಿಯನ್ನು ತೆಗೆದರೆ ಮಾತ್ರ ಅದು ಸರಿ. ತೆಗೀತೀರಾ?

ಹಾಗಾದರೆ ನಮ್ಮಲ್ಲಿ ಏನು ಕೊರತೆ? ಆ ಗಡಿಯಾರ. ಮೈಸೂರು ರಾಜ್ಯದಲ್ಲಿ ಈ ಹುದ್ದೆ ಶುರುವಾದದ್ದೇ ಮಹಾರಾಜರಿಂದ. ಜಯಚಾಮರಾಜ ಒಡೆಯರ್ ಮೊದಲು ರಾಜಪ್ರಮುಖ, ಅಂದರೆ ಆಗಿನ ರಾಜ್ಯಪಾಲರ ಥರದ ಹುದ್ದೆ, 1956ರಿಂದ 1964ರವರೆಗೆ ರಾಜ್ಯಪಾಲರು. ಅರಮನೆಯ ಆ ನೆರಳು ಹುದ್ದೆಯ ಮೇಲೆ ಇನ್ನೂ ಉಳಿದಿದೆ ಅಂತ ನನಗೆ ಆಗಾಗ ಅನಿಸುತ್ತದೆ, ಅಂದರೆ ದೊರೆಗೆ ಯಾರೂ ಗಡುವು ಕೊಡಬಾರದು ಅನ್ನುವ ಭಾವನೆ. ಮಸೂದೆ ವಿಷಯದಲ್ಲಿ ಸಂವಿಧಾನದ 200ನೇ ವಿಧಿ ಹಣದ ಮಸೂದೆ ಬಿಟ್ಟು ಬೇರೆಯದ್ದನ್ನು ವಾಪಸ್ ಕಳಿಸುವುದಾದರೆ ಆದಷ್ಟು ಬೇಗ ಕಳಿಸಿ ಅನ್ನುತ್ತದೆ, ಅಷ್ಟೇ. ಆದಷ್ಟು ಬೇಗ ಅಂದರೆ ಎಷ್ಟು? ನಮ್ಮೂರ ಕಡೆ "ಇಗೋ ಬಂದೆ" ಅಂದವರು ಬರುವಷ್ಟು. ರಾಜ್ಯಪಾಲರು ಮಸೂದೆಗಳನ್ನು ಹಿಡಿದಿಟ್ಟುಕೊಂಡ ತಮಿಳುನಾಡಿನ ಕೇಸಿನಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ತಿಂಗಳ ಲೆಕ್ಕದಲ್ಲಿ ಗಡುವು ಹಾಕಿದರು. ಅದೇ ನವೆಂಬರ್‌ನಲ್ಲಿ ಐವರ ಪೀಠ, ಇಲ್ಲ, ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕುವ ಹಾಗಿಲ್ಲ ಅಂದಿತು, ಕಾರಣವಿಲ್ಲದೆ ತುಂಬಾ ತಡವಾದರೆ ಮಾತ್ರ ನಮ್ಮ ಹತ್ತಿರ ಬನ್ನಿ ಅಂತ ಸಣ್ಣ ಕಿಟಕಿ ಬಿಟ್ಟಿತು. ಕಾನೂನಿನ ಪ್ರಕಾರ ಐವರದ್ದೇ ಸರಿ ಇರಬಹುದು. ಹಾಗಿದ್ದರೆ ಸಂವಿಧಾನಕ್ಕೇ ಒಂದು ಸಾಲು ಸೇರಿಸಿ, 45 ದಿನ ಅಂತ. ಬೇಡವಾದರೆ 60 ಇಡಿ.

ಬಹುಮತದ ವಿಷಯದಲ್ಲಂತೂ ಈ ಗಡಿಯಾರದ ಜಗಳ ಕರ್ನಾಟಕದ್ದೇ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ನನಗೆ ಒಂದು ವಾರ ಕೊಡಿ, ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರು. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಕಾಯಲಿಲ್ಲ, ದೆಹಲಿಗೆ ವರದಿ ಕಳಿಸಿದರು, ಸರ್ಕಾರ ಹೋಯಿತು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಎಣಿಸುವ ಜಾಗ ಸದನ, ರಾಜಭವನ ಅಲ್ಲ ಅಂತ ಹೇಳಿತು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ, ಹೆಸರು ಮಾತ್ರ ಕಾನೂನು ಓದುವ ಎಲ್ಲರ ಬಾಯಲ್ಲಿ ಉಳಿಯಿತು. 2018ರಲ್ಲಿ ಉಲ್ಟಾ. ಬಿಜೆಪಿಗೆ 104 ಸ್ಥಾನ, ಬಹುಮತಕ್ಕೆ ಸಾಲದು. ರಾಜ್ಯಪಾಲ ವಜೂಭಾಯಿ ವಾಲಾ ಯಡಿಯೂರಪ್ಪನವರಿಗೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ರಾತ್ರಿಯೆಲ್ಲ ಕೂತು ಕೇಳಿತು, ಪ್ರಮಾಣವಚನ ತಡೆಯಲಿಲ್ಲ, ಆದರೆ ಮೇ 19ರ ಸಂಜೆ 4 ಗಂಟೆ ಅಂತ ಗಡುವು ಇಟ್ಟಿತು. ಎರಡೂವರೆ ದಿನಕ್ಕೆ ರಾಜೀನಾಮೆ. ಒಬ್ಬರಿಗೆ ಒಂದು ವಾರ ಇಲ್ಲ, ಇನ್ನೊಬ್ಬರಿಗೆ ಎರಡು ವಾರ. ಪಕ್ಷ ಯಾವುದಾದರೂ ಇರಲಿ, ಈ ಲೆಕ್ಕ ರಾಜ್ಯಪಾಲರ ಮನಸ್ಸಿನಲ್ಲಿ ಇರುವುದು ಸರೀನಾ? ಜಾನ್ ಫಾರ್ಮರ್‌ನ ಒಂದೂವರೆ ಗಂಟೆಗೆ ನಾನು ನಕ್ಕಿದ್ದು ನಿಜ, ಆದರೆ ಆ ಒಂದೂವರೆ ಗಂಟೆ ಎಲ್ಲಿ ಶುರು ಎಲ್ಲಿ ಕೊನೆ ಅಂತ ಹೇಳಿದ್ದು ನಿಯಮ. ಒಬ್ಬ ಮನುಷ್ಯನ ಇಷ್ಟ ಅಲ್ಲ.

ಅಂದ ಮಾತ್ರಕ್ಕೆ ಇಲ್ಲಿ ಗವರ್ನರ್‌ಗಳು ದೇವರಲ್ಲ. 2017ರ ಜುಲೈನಲ್ಲಿ ಬಜೆಟ್ ಹೊತ್ತಿಗೆ ಆಗದೆ ಸರ್ಕಾರವೇ ಬಾಗಿಲು ಹಾಕಿತು, ರಾಜ್ಯದ ಪಾರ್ಕು, ಬೀಚು ಎಲ್ಲ ಬಂದ್. ಜನರಿಗೆ ಬಂದ್ ಆದ ಬೀಚಿನಲ್ಲೇ ಗವರ್ನರ್ ಕ್ರಿಸ್ ಕ್ರಿಸ್ಟಿ ಮನೆಮಂದಿ ಜೊತೆ ಕುರ್ಚಿ ಹಾಕಿಕೊಂಡು ಕಾಲು ಚಾಚಿದ್ದರು. ಪತ್ರಿಕೆಯವರು ವಿಮಾನದಿಂದ ಫೋಟೋ ಹೊಡೆದರು. ಅವರ ಎರಡು ಅವಧಿಯಲ್ಲಿ ಏನೇನಾಯಿತು ಅಂತ ಮರೆತವರಿಗೂ ಆ ಕುರ್ಚಿ ನೆನಪಿದೆ.

ಮೊನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ್ದರು. "ಆ ಕರೆಂಟ್ ಬಿಲ್ಲಿನ ಅಮ್ಮ ಎಷ್ಟು ದಿನ ಇರ್ತಾರೋ?"

"2030ರ ಜನವರಿ 15, ಮಧ್ಯಾಹ್ನ ಹನ್ನೆರಡು ಗಂಟೆ. ಬೇಕಾದರೆ ಇನ್ನೊಂದು ಸಲ ನಿಲ್ಲಬಹುದು."

"ಅಷ್ಟು ಕರಾರುವಾಕ್ಕಾಗಿ ಹೇಳ್ತೀಯಲ್ಲೋ. ನಮ್ಮೋರು?"

"ಹೆಸರಿಗೆ ಐದು ವರ್ಷ, ಚಿಕ್ಕಪ್ಪ. ಸಂವಿಧಾನದಲ್ಲಿ ಬರೆದಿರೋದು ರಾಷ್ಟ್ರಪತಿಗಳ ಇಷ್ಟ ಇರೋ ತನಕ ಅಂತ."

"ಹಂಗಾದ್ರೆ ನಮ್ಮನೆ ಬಾಡಿಗೆಯೋನ ಥರ ಅನ್ನು" ಅಂದರು. ಆಮೇಲೆ ಸ್ವಲ್ಪ ತಡೆದು, "ಅವನಿಗೂ ಹನ್ನೊಂದು ತಿಂಗಳು ಅಂತ ಕರಾರು ಪತ್ರದಲ್ಲಿ ಬರೆದಿದ್ದೀನಿ ಕಣೋ."