ಕುರಿ ಹಿಂದೆ ನಾಯಿ, ನಾಯಿ ಹಿಂದೆ ಯಜಮಾನ

ಕುರಿ ಕಾಯುವ ನಾಯಿತಳಿ ಬಾರ್ಡರ್ ಕಾಲಿಯ ಮರಿಗೆ ಕೆಲಸ ಕಲಿಸುವ ಮೊದಲೇ ಅದು ಕೆಲಸಕ್ಕೆ ಹಾಜರಾಗಿರುತ್ತದೆ. ಕುರಿ ಇನ್ನೂ ಸಿಕ್ಕಿಲ್ಲವಲ್ಲ, ಹಾಗಾಗಿ ಕೋಳಿ, ಸೈಕಲ್ಲು, ಕಸಬರಿಗೆ, ಪಕ್ಕದ ಮನೆ ಮಕ್ಕಳು, ಅಲುಗಾಡುವುದೆಲ್ಲ ಕುರಿಯೇ. ಈ ತಳಿಯ ಮೂಲಪುರುಷ ಎನಿಸಿಕೊಂಡ ಓಲ್ಡ್ ಹೆಂಪ್ (ಹುಟ್ಟಿದ್ದು 1893, ಇಂಗ್ಲೆಂಡಿನ ನಾರ್ಥಂಬರ್ಲೆಂಡ್) ಸದ್ದಿಲ್ಲದೆ ಕಣ್ಣಲ್ಲೇ ಹಿಂಡು ಆಳುತ್ತಿದ್ದನಂತೆ. ಅವನ ವಂಶದ ಕುಡಿ ಈಗ ಕಸಬರಿಗೆಯನ್ನು ದಿಟ್ಟಿಸುತ್ತಾ ಕೂತಿದೆ. ಮುದ್ದೆನಿಸಿ ಫೋಟೊ ತೆಗೆಯಬೇಡಿ, ಅಲ್ಲೇ ತಡೆಯಿರಿ. ಇಲ್ಲದಿದ್ದರೆ ನಾಳೆ ಓಡುವ ಮಗುವಿನ ಹಿಮ್ಮಡಿಗೇ ಬಾಯಿ ಹಾಕುತ್ತದೆ.

ಕುರಿ ತೋರಿಸುವ ಮುಂಚೆ ಕಲಿಸಬೇಕಾದ್ದು ಎರಡೇ: ಕರೆದರೆ ಬರುವುದು, ಹೇಳಿದಲ್ಲಿ ಮಲಗುವುದು. ಬಿಸ್ಕತ್ತಿನ ಮುಂದೆ ಎರಡೂ ಸೊಗಸಾಗಿ ನಡೆಯುತ್ತವೆ. ಕುರಿ ಕಂಡೊಡನೆ ಕಿವಿಗಳೆರಡೂ ರಜೆ ಹಾಕುತ್ತವೆ. ಅದಕ್ಕೇ ಹತ್ತು ಮೀಟರ್ ಹಗ್ಗ. ತುದಿಗೆ ಗಂಟು ಬೇಡ, ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ ಎಳೆಯಲು ಬಿಟ್ಟು, ಬೇಕಾದಾಗ ಕಾಲಲ್ಲಿ ತುಳಿದು ನಿಲ್ಲಿಸಿ. ಕೈಗೆ ಸುತ್ತಿಕೊಂಡವರು ಹೊಲವನ್ನು ಹೊಟ್ಟೆಯಲ್ಲಿ ಅಳೆಯುತ್ತಾರೆ.

ಕುರಿಗೆ ಬಿಡುವುದು ಹತ್ತು ತಿಂಗಳಿಂದ ವರ್ಷದೊಳಗೆ, ಕುರಿಯನ್ನು ಮೀರಿಸಿ ಓಡುವಷ್ಟು ಕಾಲು ಬಲಿತಾಗ. ಮೊದಲೇ ಬಿಟ್ಟರೆ ಸುತ್ತಿ ಮುಂದೆ ಹೋಗಲಾರದೆ ಬಾಲ ಹಿಡಿದು ಅಟ್ಟುವುದನ್ನೇ ವಿದ್ಯೆ ಅಂದುಕೊಳ್ಳುತ್ತದೆ. ನಾಯಿ ಕಂಡು ಗಾಬರಿಯಾಗದ ನಾಲ್ಕೈದು ಕುರಿ ಸಾಕು. ಒಂಟಿ ಕುರಿಯಾದರೆ ಬೇಲಿ ಹಾರುತ್ತದೆ. ಟಗರು, ಮರಿ ಹಾಕಿದ ತಾಯಿಕುರಿ ಬೇಡವೇ ಬೇಡ. ಒಮ್ಮೆ ಗುದ್ದಿಸಿಕೊಂಡ ಎಳೆ ನಾಯಿ ಒಂದೋ ಹೆದರಿ ಕೂರುತ್ತದೆ, ಇಲ್ಲವೇ ಕಚ್ಚಲು ಕಲಿಯುತ್ತದೆ.

ಅಸಲಿ ತಮಾಷೆ ಇನ್ನು ಮುಂದೆ. ಕುರಿಗಳು ಗಡಿಯಾರದ ನಡುವೆ ಇವೆ ಅಂದುಕೊಳ್ಳಿ. ನೀವು ಆರರಲ್ಲಿ ನಿಂತರೆ ನಾಯಿ ತಾನಾಗಿ ಹನ್ನೆರಡಕ್ಕೆ ಹೋಗುತ್ತದೆ, ಕುರಿಯನ್ನು ನಿಮ್ಮ ಬಳಿ ತರುವುದು ಅದರ ಹುಟ್ಟುಗುಣ. ನೀವು ಸುಮ್ಮನೆ ಕುರಿಗಳತ್ತ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರೆ ಸಾಕು. ಆದರೆ ಸುಮ್ಮನಿರುವವರು ಯಾರು? ನಾಯಿಯನ್ನು ಹಿಡಿಯಲು ಅದರ ಬೆನ್ನು ಹತ್ತುತ್ತಾರೆ. ನಾಯಿ ಇನ್ನೂ ಜೋರಾಗಿ ಓಡುತ್ತದೆ, ಯಜಮಾನರೂ ಬಂದರಲ್ಲ ಎಂಬ ಹುರುಪಿನಲ್ಲಿ. ಹಿಂಬಾಲಿಸಬೇಡಿ, ಕುರಿಗಳ ನಡುವೆಯೇ ಅಡ್ಡ ಹಾಯ್ದು ಅದರ ಮುಂದೆ ನಿಲ್ಲಿ. ಐದೂ ಕುರಿ ನಿಮ್ಮ ಮೊಣಕಾಲಿಗೆ ಬಂದು ಗುದ್ದಿದರೆ ನಾಯಿ ತೀರಾ ಹತ್ತಿರ ಬಂದಿದೆ ಎಂದರ್ಥ. ಮಲಗಿಸಿ, ಹತ್ತು ಹೆಜ್ಜೆ ಹಿಂದೆ ಸರಿದು, ಮತ್ತೆ ಕರೆಯಿರಿ.

ಗಡಿಯಾರದ ಮುಳ್ಳಿನಂತೆ ಸುತ್ತಲು 'ಕಮ್ ಬೈ', ತಿರುಗುಮುರುಗಾಗಿ 'ಅವೇ'. ನಾಯಿ ತಾನಾಗಿ ಆ ಕಡೆ ಹೊರಟಾಗಲೇ ಮಾತು ಸೇರಿಸಿದರೆ ಬೇಗ ಕಲಿಯುತ್ತದೆ. ಕಲಿಯದವರು ಯಜಮಾನರು. ನಾಯಿ ಕಾಲ ಬಳಿ ಇದ್ದಾಗ ಕಮ್ ಬೈ ಅಂದರೆ ನಿಮ್ಮ ಎಡಕ್ಕೆ ಹೊರಡುತ್ತದೆ, ಕುರಿಯ ಆಚೆ ಇದ್ದಾಗ ಅದೇ ಮಾತಿಗೆ ನಿಮ್ಮ ಬಲಕ್ಕೆ. ಗಾಬರಿಯಲ್ಲಿ ತಪ್ಪು ಕೂಗಿ, ಸರಿಯಾಗಿ ಹೋದ ನಾಯಿಗೇ ಬೈಯುವುದು ಈ ವಿದ್ಯೆಯ ನಿತ್ಯಕರ್ಮ.

ನಾಯಿ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹಿಕ್ಕೆ ಮೂಸಿ ತಿನ್ನತೊಡಗಿದರೆ ಅದಕ್ಕೆ ಒತ್ತಡ ಜಾಸ್ತಿಯಾಗಿರಬಹುದು, ನಿಲ್ಲಿಸಿ. ಕುರಿಗೆ ಐವರ್ಮೆಕ್ಟಿನ್ (ಹುಳದ ಔಷಧ) ಕೊಟ್ಟಿದ್ದರಂತೂ ಆ ಹಿಕ್ಕೆಯ ಹತ್ತಿರ ಬಿಡಲೇಬೇಡಿ. ಕೆಲವು ಕಾಲಿ ನಾಯಿಗಳಿಗೆ ಆ ಔಷಧ ನರಕ್ಕೇ ಏರುತ್ತದೆ. ಹೇಗೂ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ಪಾಠ ಮುಗಿದ ಮೇಲೆ ಗೂಡಿನ ಚಿಲಕ ಎರಡು ಸಲ ನೋಡಿ. ತೆರೆದಿದ್ದರೆ ಅದು ಒಬ್ಬನೇ ಅಭ್ಯಾಸ ಮಾಡಿ, ನಡುರಾತ್ರಿ ಇಡೀ ಹಿಂಡನ್ನು ನಿಮ್ಮ ಕಿಟಕಿ ಕೆಳಗೆ ತಂದು ಒಪ್ಪಿಸುತ್ತದೆ.