ಮುಖ ಆಮೇಲೆ, ಮೊದಲು ಅದರ ಹಿಂದೇನಿದೆ ನೋಡಿ

ಫೋಟೋ ಚೆನ್ನಾಗಿ ತೆಗೆಯುವುದು ಹೇಗೆ ಅಂತ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಒಂದೇ. ಗ್ರಿಡ್, ಅಂದರೆ ಪರದೆಯನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಪಾಲು ಮಾಡುವ ಗೆರೆಗಳನ್ನು ಆನ್ ಮಾಡಿ, ಗೆರೆ ಗೆರೆ ಕೂಡುವ ಕಡೆ ಮುಖ ಇಡಿ. ಅಷ್ಟು ಮಾಡಿದರೆ ಕಂಪೋಸಿಷನ್, ಅಂದರೆ ಫ್ರೇಮಿನೊಳಗೆ ಯಾವುದನ್ನು ಎಲ್ಲಿ ಇಡಬೇಕು ಅನ್ನುವ ಜೋಡಣೆ, ಬಂದೇ ಬಂತು ಅನ್ನುವ ಹಾಗೆ ಹೇಳುತ್ತಾರೆ.

ನನಗೆ ಇದರ ಮೇಲೆ ಸ್ವಲ್ಪ ತಕರಾರಿದೆ. ಸಲಹೆ ತಪ್ಪು ಅಂತಲ್ಲ. ಎಲ್ಲರನ್ನೂ ಎಳೆದುಕೊಂಡು ಬಂದು ನಡುವಿನಲ್ಲೇ ನಿಲ್ಲಿಸುವ ಅಭ್ಯಾಸ ಬಿಡಿಸಲಿಕ್ಕೆ ಅದು ಒಳ್ಳೆಯ ಮದ್ದೇ. ಆದರೆ ಅದು ಹುಟ್ಟಿದ್ದು ಫೋಟೋಗ್ರಫಿಗಾಗಿ ಅಲ್ಲ. ಈ ಗ್ರಿಡ್‌ನ ಹಿಂದಿರುವ 'ರೂಲ್ ಆಫ್ ಥರ್ಡ್ಸ್', ಅಂದರೆ ಮೂರು ಪಾಲಿನ ನಿಯಮ ಅನ್ನುವ ಮಾತನ್ನು ಜಾನ್ ಥಾಮಸ್ ಸ್ಮಿತ್ ಅನ್ನುವ ಇಂಗ್ಲಿಷ್ ಚಿತ್ರಕಾರ ಬರೆದಿಟ್ಟಿದ್ದು 1797ರಲ್ಲಿ. ಆಕಾಶಕ್ಕೆ ಎರಡು ಪಾಲು ಕೊಟ್ಟರೆ ನೆಲಕ್ಕೆ ಒಂದು ಪಾಲು, ಇಲ್ಲವೇ ಆಕಾಶಕ್ಕೆ ಒಂದು, ಉಳಿದದ್ದಕ್ಕೆ ಎರಡು. ಬಣ್ಣ ಕುಂಚ ಹಿಡಿದವರಿಗೆ ಹೇಳಿದ ಮಾತು ಇದು. ಫೋಟೋಗ್ರಫಿ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ, ಅಂದರೆ 42 ವರ್ಷದ ಮೇಲೆ.

ಚಿತ್ರಕಾರನ ಮುಂದೆ ಇರುವುದು ಖಾಲಿ ಕ್ಯಾನ್ವಾಸ್. ಬೇಡದ್ದನ್ನು ಅವನು ಬರೆಯದೇ ಬಿಟ್ಟರಾಯಿತು. ಕ್ಯಾಮೆರಾಕ್ಕೆ ಆ ಸೌಕರ್ಯ ಇಲ್ಲ. ಮುಂದೆ ಇದ್ದದ್ದನ್ನೆಲ್ಲ ಅದು ನುಂಗಿಬಿಡುತ್ತದೆ. ಹಾಗಾಗಿ ಕ್ಯಾಮೆರಾ ಹಿಡಿದವರಿಗೆ ಬರುವ ಮೊದಲ ಪ್ರಶ್ನೆ ಮುಖ ಎಲ್ಲಿಡಬೇಕು ಅಂತಲ್ಲ, ಏನೇನನ್ನು ಹೊರಗೆ ಹಾಕಬೇಕು ಅಂತ. ಗ್ರಿಡ್ ಗೆರೆ ಇದಕ್ಕೆ ಉತ್ತರ ಕೊಡುವುದಿಲ್ಲ.

ತಲೆ ಮೇಲೆ ಕಂಬ ಹುಟ್ಟಿದ ಫೋಟೋ ಎಲ್ಲರ ಫೋನಿನಲ್ಲೂ ಇದ್ದೇ ಇರುತ್ತದೆ ಅಲ್ವಾ? ತೆಗೆಯುವಾಗ ಆ ಕಂಬ ಕಂಡಿರುವುದೇ ಇಲ್ಲ. ಕಾರಣ ಇದೆ. ನಮಗೆ ಎರಡು ಕಣ್ಣು. ಕಂಬ ಮೂವತ್ತು ಅಡಿ ಹಿಂದಿದೆ ಅಂತ ಮೆದುಳಿಗೆ ಗೊತ್ತಾಗುತ್ತದೆ, ಅದು ಕಂಬವನ್ನು ಪಕ್ಕಕ್ಕೆ ತಳ್ಳಿ ಮುಖವನ್ನಷ್ಟೇ ನೋಡುತ್ತದೆ. ಕ್ಯಾಮೆರಾಕ್ಕೆ ಒಂದೇ ಕಣ್ಣು. ಮೂವತ್ತು ಅಡಿಯ ದೂರವನ್ನೆಲ್ಲ ಚಪ್ಪಟೆ ಮಾಡಿ ಕಂಬವನ್ನು ನೆತ್ತಿಗೆ ಅಂಟಿಸಿಬಿಡುತ್ತದೆ. ಅದಕ್ಕೇ ಕ್ಲಿಕ್ ಮಾಡುವ ಮುಂಚೆ ಒಂದು ಕಣ್ಣು ಮುಚ್ಚಿ ನೋಡಿ. ಕಂಬ ಥಟ್ಟನೆ ಕಾಣಿಸುತ್ತದೆ.

ಕಂಡಮೇಲೆ ಏನು ಮಾಡುವುದು? ಎದುರಿಗಿರುವವರನ್ನು ಆ ಕಡೆ ಈ ಕಡೆ ಸರಿಸಿ ಗೋಳಾಡಿಸಬೇಡಿ, ನೀವೇ ಸರಿಯಿರಿ. ಒಂದು ಸಂಗತಿ ನೆನಪಿಟ್ಟುಕೊಂಡರೆ ಸಾಕು. ನೀವು ಯಾವ ದಿಕ್ಕಿಗೆ ಸರಿಯುತ್ತೀರೋ, ಹಿಂದಿರುವ ವಸ್ತುವೂ ಆಳಿನ ಹಿಂದೆ ಅದೇ ದಿಕ್ಕಿಗೆ ಜಾರುತ್ತದೆ. ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಕಂಬ ತಲೆ ಬಿಟ್ಟು ಎಡಕ್ಕೆ ಬರುತ್ತದೆ. ಹಿಂದಿನ ಕಿಟಕಿಯ ಅಡ್ಡಪಟ್ಟಿ ಸರಿಯಾಗಿ ಕುತ್ತಿಗೆಗೆ ಬಂದು ಕೂತಿದೆಯಾ? ಸ್ವಲ್ಪ ಮಂಡಿ ಬಗ್ಗಿಸಿ, ಪಟ್ಟಿ ಎದೆಯ ಮಟ್ಟಕ್ಕೆ ಇಳಿಯುತ್ತದೆ. ಇನ್ನೂ ಕೆಳಗೆ ಕೂತರೆ ತಲೆಯ ಹಿಂದೆ ಆಕಾಶ ಬರುತ್ತದೆ. ಕೈ ಮೇಲೆತ್ತಿ ಕೆಳಮುಖವಾಗಿ ತೆಗೆದರೆ ಹಿನ್ನೆಲೆಗೆ ಬರೀ ನೆಲ. ಗಜಿಬಿಜಿ ಜಾಗದಲ್ಲಿ ಎಷ್ಟೋ ಸಲ ನೆಲಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗುವುದಿಲ್ಲ.

ಈಗ ಫೋನಲ್ಲೇ ಕಂಬ ಅಳಿಸಬಹುದಲ್ಲ ಅಂತೀರಿ. ಅಳಿಸಬಹುದು. ಕೂದಲಿನ ಅಂಚಿನಲ್ಲಿ ಅದು ಮಾಡುವ ಕಲಸುಮೇಲೋಗರ ನೋಡಿದಮೇಲೆ ನನಗಂತೂ ಒಂದು ಹೆಜ್ಜೆ ಸರಿಯುವುದೇ ಸುಲಭ ಅನ್ನಿಸಿದೆ.

ಹಿನ್ನೆಲೆ ಆದಮೇಲೆ ಅಂಚು. ಕ್ಲಿಕ್ ಒತ್ತುವ ಮುಂಚೆ ನಾಲ್ಕೂ ಅಂಚಿನ ಸುತ್ತ ಒಮ್ಮೆ ಕಣ್ಣು ಹಾಯಿಸಿ. ಯಾರದೋ ಅರ್ಧ ಮೊಣಕೈ, ಚೀಲದ ಮೂಲೆ, ಬಿಳಿ ಪ್ಲಾಸ್ಟಿಕ್ ಕುರ್ಚಿಯ ಒಂದು ಕಾಲು, ಎಲ್ಲ ಅಲ್ಲೇ ಅಡಗಿರುತ್ತವೆ. ಆಳನ್ನು ಕತ್ತರಿಸಲೇಬೇಕಾದರೆ ಮಣಿಕಟ್ಟು, ಮಂಡಿ, ಕಾಲಿನ ಗೆಣ್ಣು ಈ ಕೀಲುಗಳ ಹತ್ತಿರ ಬೇಡ, ಕೈಕಾಲು ಮುರಿದಂತೆ ಕಾಣುತ್ತದೆ. ತೊಡೆಯ ನಡುವೆಯೋ ಸೊಂಟದ ಸ್ವಲ್ಪ ಮೇಲೋ ಕತ್ತರಿಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಅಂಚು ಅಂದಾಗ ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ 'ಮೈಗ್ರಂಟ್ ಮದರ್' ಫೋಟೋ ನೆನಪಾಗುತ್ತದೆ. ಬಟಾಣಿ ಕೀಳುವ ಕೂಲಿಯವರ ಬಿಡಾರದಲ್ಲಿ ಮಕ್ಕಳ ಜೊತೆ ಕೂತ ತಾಯಿ. ಲ್ಯಾಂಗ್ ಅದನ್ನು ಒಂದೇ ಏಟಿಗೆ ತೆಗೆದದ್ದಲ್ಲ. ಬೇರೆ ಫ್ರೇಮುಗಳೂ ಉಳಿದಿವೆ. ದೂರದಿಂದ ತೆಗೆದದ್ದರಲ್ಲಿ ಇಡೀ ಡೇರೆ, ಸಾಮಾನು, ಸುತ್ತಲಿನ ಬಯಲು ಎಲ್ಲ ಇದೆ. ನೋಡಿದರೆ ಪರಿಸ್ಥಿತಿ ಗೊತ್ತಾಗುತ್ತದೆ, ಮನಸ್ಸಿಗೆ ತಟ್ಟುವುದಿಲ್ಲ. ಹತ್ತಿರ ಹೋದಷ್ಟೂ ಒಂದೊಂದೇ ವಸ್ತು ಫ್ರೇಮಿನಿಂದ ಹೊರಗೆ ಹೋಗುತ್ತದೆ. ಜಗತ್ತಿಗೆ ಗೊತ್ತಿರುವ ಆ ಒಂದು ಫ್ರೇಮಿನಲ್ಲಿ ಉಳಿದಿರುವುದು ತಾಯಿಯ ಮುಖ, ಗಲ್ಲದ ಹತ್ತಿರ ಬಂದ ಕೈ, ಮಡಿಲಲ್ಲಿ ಕೂಸು, ಎರಡು ಭುಜಕ್ಕೆ ಒರಗಿದ ಎರಡು ಮಕ್ಕಳು. ಆ ಇಬ್ಬರ ಮುಖವೂ ಆ ಕಡೆ ತಿರುಗಿದೆ. ತಿರುಗಿರದಿದ್ದರೆ ನಮ್ಮ ಕಣ್ಣು ಮೂರು ಮುಖಗಳ ಮಧ್ಯೆ ಓಡಾಡುತ್ತಿತ್ತು. ಈಗ ಅದಕ್ಕೆ ಹೋಗಲಿಕ್ಕೆ ಒಂದೇ ಜಾಗ. ಮುಖವೇನೋ ಫ್ರೇಮಿನ ನಡುವಿಗೇ ಬಂದಿದೆ, ಗ್ರಿಡ್ ಭಕ್ತರು ಗಮನಿಸಬೇಕು.

ಇದರಲ್ಲೂ ಒಂದು ಸಣ್ಣ ವಸ್ತು ಒಳಗೆ ನುಸುಳಿತ್ತು. ಬಲಗಡೆ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು. ಲ್ಯಾಂಗ್‌ಗೆ ಅದು ಎಷ್ಟು ಕಾಡಿತೆಂದರೆ ಆಮೇಲೆ ನೆಗೆಟಿವ್‌ನಲ್ಲೇ ಅದನ್ನು ತಿದ್ದಿಸಿದರು. ಹೀಗೆ ದಾಖಲೆಯ ಚಿತ್ರ ತಿದ್ದುವುದು ಸರಿಯಾ ಅಂತ ಆಗಲೇ ಆಕ್ಷೇಪ ಬಂತು. ಆಕ್ಷೇಪ ನನಗೂ ನ್ಯಾಯವೇ ಅನ್ನಿಸುತ್ತದೆ. ಆದರೆ ಆ ಬೆರಳು ಅವರ ಕಣ್ಣಿಗೆ ಯಾಕೆ ಚುಚ್ಚಿತು ಅನ್ನುವುದೂ ಅರ್ಥವಾಗುತ್ತದೆ.

ಕಣ್ಣು ಎಲ್ಲಿಗೆ ಓಡುತ್ತದೆ ಅನ್ನುವುದಕ್ಕೆ ಇನ್ನೂ ಕೆಲವು ಕಾರಣಗಳಿವೆ. ಫ್ರೇಮಿನಲ್ಲಿ ಎಲ್ಲಕ್ಕಿಂತ ಬೆಳಕಾಗಿರುವ ಜಾಗ, ಮುಖಗಳು, ಅಕ್ಷರಗಳು. ಹಿಂದೆ ಬೋರ್ಡ್ ಇದ್ದರೆ ನೋಡುವವರು ಮೊದಲು ಬೋರ್ಡ್ ಓದುತ್ತಾರೆ, ಆಮೇಲೆ ನಿಮ್ಮನ್ನು ನೋಡುತ್ತಾರೆ. ಕಣ್ಣು ಕಿರಿದು ಮಾಡಿ ದೃಶ್ಯವನ್ನು ನೋಡಿ. ವಿವರ ಮಸುಕಾಗಿ ಬೆಳಕು, ಕತ್ತಲಿನ ಮುದ್ದೆಗಳಷ್ಟೇ ಉಳಿಯುತ್ತವೆ. ಆಗಲೂ ಆಳು ಎದ್ದು ಕಂಡರೆ ಸರಿ. ಮೂಲೆಯ ಟ್ಯೂಬ್‌ಲೈಟ್ ಎದ್ದು ಕಂಡರೆ ಜಾಗ ಬದಲಿಸಿ. ಹಳೆಯ ದೊಡ್ಡ ಕ್ಯಾಮೆರಾಗಳ ಗಾಜಿನ ಮೇಲೆ ದೃಶ್ಯ ತಲೆಕೆಳಗಾಗಿ ಕಾಣುತ್ತಿತ್ತು. ಕಿರಿಕಿರಿಯೇ, ಆದರೆ ಅದರಿಂದ ಲಾಭವೂ ಇತ್ತು: ಮುಖ ಮುಖವಾಗಿ ಕಾಣದೆ ಬರೀ ಆಕಾರವಾಗಿ ಕಾಣುತ್ತದೆ. ತೆಗೆದ ಫೋಟೋವನ್ನು ಗ್ಯಾಲರಿಯಲ್ಲಿ ಉಲ್ಟಾ ತಿರುಗಿಸಿ ನೋಡಿದರೆ ಯಾವ ಕಡೆ ಭಾರ ಜಾಸ್ತಿಯಾಗಿದೆ ಅಂತ ಗೊತ್ತಾಗುತ್ತದೆ.

ಜೂಮ್ ಬಗ್ಗೆ ಒಂದು ಮಾತು. ನಿಂತಲ್ಲೇ ಜೂಮ್ ಮಾಡುವುದಕ್ಕೂ ನಡೆದು ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಆಳು ನಿಮ್ಮಿಂದ 10 ಅಡಿ ದೂರ, ಗುಡ್ಡ ಒಂದು ಕಿಲೋಮೀಟರ್ ದೂರ ಅಂದುಕೊಳ್ಳಿ. ಇನ್ನೂ 10 ಅಡಿ ಹಿಂದಕ್ಕೆ ಹೋದರೆ ಆಳು ಅರ್ಧದಷ್ಟಾಗುತ್ತಾರೆ, ಗುಡ್ಡ ಹೆಚ್ಚು ಕಡಿಮೆ ಇದ್ದಷ್ಟೇ ಇರುತ್ತದೆ. ಈಗ 2ಎಕ್ಸ್ ಜೂಮ್ ಮಾಡಿ. ಆಳು ಮೊದಲಿನಷ್ಟೇ ದೊಡ್ಡ, ಗುಡ್ಡ ಮಾತ್ರ ಎರಡರಷ್ಟು! ಗುಡ್ಡವನ್ನು ಎತ್ತರಿಸಿದ್ದು ನಿಮ್ಮ ಕಾಲು, ಜೂಮ್ ಅದನ್ನು ತುಂಬಿಕೊಟ್ಟಿತು ಅಷ್ಟೇ. ಮುಖದ ಫೋಟೋಕ್ಕೂ ಇದೇ ಲೆಕ್ಕ. ಕೈಯಳತೆ ದೂರದಿಂದ ತೆಗೆದರೆ ಮೂಗು ಮುಂದೆ ಬರುತ್ತದೆ, ಕಿವಿ ಹಿಂದೆ ಓಡುತ್ತದೆ. ಐದಾರು ಅಡಿ ಹಿಂದೆ ನಿಂತು ಜೂಮ್ ಮಾಡಿ, ಮುಖ ಮುಖದ ಹಾಗೆ ಬರುತ್ತದೆ.

ದೂರಕ್ಕೆ ಹೋಗುವ ದಾರಿ, ಕಮಾನಿನೊಳಗಿನ ನೋಟ, ನೀರಲ್ಲಿ ಪ್ರತಿಬಿಂಬ ಎಲ್ಲ ಚಂದವೇ. ದಾರಿ ಕಣ್ಣನ್ನು ಎಳೆದುಕೊಂಡು ಹೋಗುತ್ತದೆ ಅನ್ನುತ್ತಾರೆ, ನಿಜ. ಹೋದಮೇಲೆ ಅಲ್ಲಿ ನೋಡಲಿಕ್ಕೆ ಏನಾದರೂ ಇರಬೇಕಲ್ಲ!

ಕ್ರಾಪ್ ಮಾಡುವುದು, ಅಂದರೆ ತೆಗೆದಮೇಲೆ ಫೋಟೋದ ಅಂಚು ಕತ್ತರಿಸುವುದು, ಮೋಸ ಅನ್ನುವವರೂ ಇದ್ದಾರೆ. ಕ್ರಾಪ್ ಮಾಡಬಾರದು ಅಂತ ಹಟ ಹಿಡಿದವರಲ್ಲಿ ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ ಬ್ರೆಸ್ಸೋನ್ ದೊಡ್ಡ ಹೆಸರು. ಆದರೆ ಅವರ ಅತಿ ಪ್ರಸಿದ್ಧ ಫೋಟೋಗಳಲ್ಲೊಂದು, 1932ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣದ ಹಿಂದೆ ನೀರು ದಾಟಲು ಹಾರುತ್ತಿರುವ ಮನುಷ್ಯನದು, ಕ್ರಾಪ್ ಆದದ್ದೇ. ಬೇಲಿಯ ಸಂದಿಯಿಂದ ತೆಗೆದಿದ್ದರಿಂದ ಬೇಲಿಯೂ ಒಳಗೆ ಬಂದಿತ್ತು, ಅದನ್ನು ಕತ್ತರಿಸಬೇಕಾಯಿತು. ಹಾಗಾಗಿ ನಾನು ಕ್ರಾಪ್ ಪರ. ಅಂಚು ಸರಿಮಾಡಲಿಕ್ಕೆ, ವಾಲಿದ ದಿಗಂತ ನೆಟ್ಟಗೆ ಮಾಡಲಿಕ್ಕೆ ಧಾರಾಳವಾಗಿ ಕ್ರಾಪ್ ಮಾಡಿ. ಆದರೆ ಫೋಟೋ ನೆಟ್ಟಗೆ ತಿರುಗಿಸುವಾಗ ನಾಲ್ಕು ಮೂಲೆಯೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ. ಪಾದ, ಕೈಬೆರಳು ಅಂಚಿಗೆ ತಾಗಿಕೊಂಡಿದ್ದರೆ ಮೊದಲು ಹೋಗುವುದು ಅವೇ. ತೆಗೆಯುವಾಗಲೇ ಸುತ್ತ ಒಂಚೂರು ಜಾಗ ಬಿಟ್ಟಿರಿ.