ರಿವ್ಯೂ ಕೋರ್ಸ್ ಸೇರುವುದಿದ್ದರೆ ಮಾಕ್ ಟೆಸ್ಟ್‌ಗೋಸ್ಕರ ಸೇರಿ
ರೇಡಿಯಾಲಜಿ ಟೆಕ್ನಾಲಜಿ (ಎಕ್ಸ್-ರೇ ತೆಗೆಯುವ ಕೆಲಸ) ಓದಿದವರು, ಪರೀಕ್ಷೆಗೆ ತಯಾರು ಮಾಡುವ ರಿವ್ಯೂ ಕೋರ್ಸ್ ಸೇರಿದರೆ ಲೈಸೆನ್ಸ್ ಪರೀಕ್ಷೆ ಸಲೀಸು ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ನನ್ನ ಹೆಂಡತಿ ಇಲ್ಲಿ ಅಮೆರಿಕದಲ್ಲಿ ಎಕ್ಸ್-ರೇ ಟೆಕ್ನಾಲಜಿಸ್ಟ್‌ಗಳ ಸರ್ಟಿಫಿಕೇಶನ್ ಪರೀಕ್ಷೆ ಎಆರ್‌ಆರ್‌ಟಿ ಬರೆದಾಗ (ಊರಲ್ಲಿ ಮಾಡಿದ್ದ ಡಿಪ್ಲೊಮಾ ನಡೆಯಲಿಲ್ಲ, ಎರಡು ವರ್ಷ ಮತ್ತೆ ಕಾಲೇಜು!) ಮೊದಲ ಸಲ ಕೈಕೊಟ್ಟಿತು. ಮೂರು ವರ್ಷದೊಳಗೆ ಮೂರೇ ಅವಕಾಶ. ಪಾಸಾಗಲು ಸ್ಕೇಲ್ಡ್ ಸ್ಕೋರ್ (ಪ್ರಶ್ನೆಪತ್ರಿಕೆ ಎಷ್ಟು ಕಷ್ಟ ಅಂತ ನೋಡಿ ಹೊಂದಿಸಿದ ಅಂಕ) 75 ಬೇಕು, ಅದು ಶೇಕಡಾ 75 ಅಲ್ಲ.

ಆಮೇಲೆ ಕೋರ್ಸ್ ಸೇರಿದಳು. ಅಲ್ಲಿ ಹೊಸದೇನೂ ಹೇಳಿಕೊಡಲಿಲ್ಲ, ಆದರೆ ವಾರವಾರ ಮಾಕ್ ಟೆಸ್ಟ್, ತಪ್ಪಾದ ಪ್ರತಿ ಉತ್ತರಕ್ಕೂ ಯಾಕೆ ತಪ್ಪು ಅಂತ ಕೂರಿಸಿ ವಿವರಿಸುತ್ತಿದ್ದರು. ಎಕ್ಸ್-ರೇ ಟ್ಯೂಬಿನಿಂದ ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನೋದು ಅವಳಿಗೆ ಬಾಯಿಪಾಠ, ಆದರೆ 40 ಇಂಚಿನಿಂದ 80ಕ್ಕೆ ಹೋದರೆ ಅದೇ ಎಕ್ಸ್‌ಪೋಶರ್‌ಗೆ ಎಂಎಎಸ್ (ಟ್ಯೂಬಿನ ಕರೆಂಟ್ ಗುಣಿಸು ಸೆಕೆಂಡು, ಅಂದರೆ ಎಷ್ಟು ಕಿರಣ ಬಿಡಬೇಕು ಅನ್ನೋ ಸೆಟ್ಟಿಂಗ್) ಎಷ್ಟು ಬೇಕು ಅಂತ ತಿರುಗಿಸಿ ಕೇಳಿದರೆ, ನಾಲ್ಕು ಪಟ್ಟು ಅನ್ನೋ ಬದಲು ಕಾಲು ಭಾಗ ಅಂತ ಒತ್ತಿ ಬರುತ್ತಿದ್ದಳು. ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೆವು, ಇನ್ನೂ ಇದೆ. ಎರಡನೇ ಸಲ ಪಾಸು.

ಫೀಸ್ ಜಾಸ್ತಿನೇ. ಕಟ್ಟುವ ಮೊದಲು ಕೇಳಿಕೊಳ್ಳಿ, ತಪ್ಪು ಉತ್ತರಗಳನ್ನು ವಿವರಿಸುತ್ತಾರಾ ಇಲ್ಲಾ ಸುಮ್ನೆ ಪಿಡಿಎಫ್ ಕಳಿಸುತ್ತಾರಾ ಅಂತ.